ಮಂಗನಿಗೆ ಹೊದಿಸಿದ ಮಫ್ಲರ್

ದೀಪಾವಳಿಯ ಪಾಡ್ಯ ಮುಗಿದ ಮರುದಿನ ನಮ್ಮ ಮನೆಯ ಗಂಡುಹುಡುಗರ ಕುತ್ತಿಗೆಗೆ ಮಫ್ಲರ್ ಬೀಳುತ್ತಿತ್ತು. ಶಿವರಾತ್ರಿಯ ಜಾಗರಣೆ ಮುಗಿಸಿ ಬಂದ ಬೆಳಿಗ್ಗೆ ಅದನ್ನು ಬಿಚ್ಚುತ್ತಿದ್ದರು. ನಡುವಿನ ಅಷ್ಟೂ ತಿಂಗಳು, ಸ್ನಾನ ಮತ್ತು ಲಿಂಗಪೂಜೆಯ ಹೊತ್ತು ಬಿಟ್ಟರೆ, ಅದು ಮೈಮೇಲಿಂದ ಇಳಿಯುವಂತಿರಲಿಲ್ಲ. ಕಟ್ಟುವವಳು ಆಯಿ, ಎಂದರೆ ಅಪ್ಪನ ತಾಯಿ. ಬಚ್ಚಲ ಒಲೆಯ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಮಫ್ಲರಿನ ನಡುಭಾಗವನ್ನು ನೆತ್ತಿಯ ಮೇಲಿಟ್ಟು, ಎರಡೂ ಕಿವಿ ಮುಚ್ಚುವಂತೆ ಇಳಿಬಿಟ್ಟು, ಗದ್ದದ ಕೆಳಗೆ ಅಡ್ಡ ಹಾಯಿಸಿ, ಹಿಂದೆ ಕುತ್ತಿಗೆಯ ಬುಡದಲ್ಲಿ ಗಂಟು ಹಾಕುತ್ತಿದ್ದಳು. ಗಂಟು ನಮ್ಮ ಕೈಗೆ ಎಟುಕುತ್ತಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಮಾಸ್ತರರು ಹೇಳಿದ ಮಗ್ಗಿ ನಮಗೆ ಅರ್ಧ ಕೇಳಿಸುತ್ತಿತ್ತು, ಉಳಿದರ್ಧವನ್ನು ಅವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ಆಯಿಗೆ ಗಾಳಿಯ ಭಯ. ಎಲ್ಲ ರೋಗವೂ ಕಿವಿಯಿಂದ ಹೊಕ್ಕು ಗಂಟಲಿಗೆ ಇಳಿದು ಎದೆಯಲ್ಲಿ ಕೂರುತ್ತದೆ ಎಂದು ಅವಳು ನಂಬಿದ್ದಳು.

“ಗಂಡುಹುಡುಗರ ಕುತ್ತಿಗಿ ಹಸಿ ಗಡಿಗಿ ಇದ್ದಂಗ. ಗಾಳಿ ಬಡೀತಂದ್ರ ಬಿರೀತದ.”

“ಮತ್ತ ನನ್ನ ಕುತ್ತಿಗಿ, ಆಯಿ?” ಎಂದು ತಂಗಿ ಗಿರಿಜಾ ಕೇಳಿದರೆ ಉತ್ತರ ಸಿದ್ಧವಿತ್ತು.

“ನಿಂದು ಸುಟ್ಟ ಗಡಿಗಿ. ಹೋಗು, ಕಸಾ ಹೊಡಿ.”

ನಮ್ಮ ಊರು ಶಿರಸಿಯಿಂದ ಬನವಾಸಿಗೆ ಹೋಗುವ ಕಡೆ, ಗದ್ದೆಗಳು ಅಗಲವಾಗಿ ಕಾಡು ತೆಳ್ಳಗಾಗುವಲ್ಲಿ ಇತ್ತು. ಮನೆಯ ಮುಂಭಾಗವೇ ಅಪ್ಪನ ಅಂಗಡಿ. ಬೆಲ್ಲ, ಒಣಮೆಣಸಿನಕಾಯಿ, ದನದ ಹಗ್ಗ, ಬಿಳಿ ಬಟ್ಟೆಯ ಥಾನು, ಸೀಮೆಎಣ್ಣೆ ಎಲ್ಲವೂ ಒಂದೇ ಕೋಣೆಯಲ್ಲಿದ್ದು, ಅವುಗಳ ವಾಸನೆ ಕಲೆತು ಪಡಸಾಲೆಯವರೆಗೂ ಬರುತ್ತಿತ್ತು. ಪಡಸಾಲೆ ದಾಟಿದರೆ ನಡುಮನೆ. ಅದರ ಒಂದು ಬದಿಗೆ ತಗ್ಗಿನಲ್ಲಿ ದನಗಳು, ಇನ್ನೊಂದು ಬದಿಗೆ ನಾವು. ಹೋರಿ ಉಸಿರು ಬಿಟ್ಟರೆ ನಮಗೆ ಕೇಳುತ್ತಿತ್ತು. ಚಳಿಗಾಲ ಶುರುವಾಯಿತೆಂದರೆ ಆಯಿ ಕಿಟಕಿಗಳಿಗೆ ಗೋಣಿಚೀಲ ತುರುಕಿಸುತ್ತಿದ್ದಳು. ಬೆಳಕು ಬರಬೇಕಾದ ಜಾಗದಿಂದ ಗಾಳಿಯೂ ಬರುತ್ತದೆಂದು ಎರಡನ್ನೂ ಒಟ್ಟಿಗೆ ತಡೆದು, ಹಗಲಲ್ಲೂ ನಡುಮನೆಯಲ್ಲಿ ಚಿಮಣಿ ದೀಪ ಹಚ್ಚುತ್ತಿದ್ದರು. ನಾನು ಬೆಳೆದದ್ದು ಆ ಹೊಗೆಗತ್ತಲಲ್ಲಿ, ಕಿವಿ ಮುಚ್ಚಿಕೊಂಡು. ಹೊರಗೆ ಏನೋ ಇದೆ, ಅದು ಒಳಗೆ ಬರಲು ಸಂದಿ ಹುಡುಕುತ್ತಿದೆ ಎಂಬುದು ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ.

ಮುಂದೆ ಪತ್ರಿಕೆಯ ಕೆಲಸಕ್ಕಾಗಿ ಜಿಲ್ಲೆಯ ಮೇಲ್ಘಟ್ಟ ಸುತ್ತುವಾಗ ಬೇರೆ ಮನೆಗಳ ಹುಡುಗರನ್ನೂ ನೋಡಿದೆ. ಯಲ್ಲಾಪುರದ ಲಾರಿ ನಿಲ್ಲುವ ಜಾಗದಲ್ಲಿ ಕ್ಲೀನರ್ ಹುಡುಗರು ಕೆಂಪು ಮಫ್ಲರನ್ನು ತಲೆಗೆ ಪೇಟದಂತೆ ಸುತ್ತಿ, ಒಂದು ತುದಿಯನ್ನು ಮೂಗಿನ ಮೇಲೆ ಎಳೆದುಕೊಳ್ಳುತ್ತಿದ್ದರು. ಅದು ಚಳಿಗಿಂತ ಹೆಚ್ಚಾಗಿ ಧೂಳಿಗೆ. ನಂದೊಳ್ಳಿಯ ಕಡೆ ಬೇಸಾಯದ ಮನೆಗಳಲ್ಲಿ ಹಳೆಯ ಕಂಬಳಿಯ ಅಂಚು ಕತ್ತರಿಸಿ ಹುಡುಗರ ಕಿವಿಗೆ ಕಟ್ಟುತ್ತಿದ್ದರು, ಅದು ಚುಚ್ಚುತ್ತದೆಂದು ಅವರು ಅಳುತ್ತಿದ್ದರು. ಸಿದ್ದಾಪುರದಲ್ಲಿ ಅಪ್ಪನ ಹಳೆಯ ಪಂಚೆಯ ತುಂಡು. ಶಿರಸಿ ಪೇಟೆಯ ಕಾಲೇಜು ಹುಡುಗರು ಮಾತ್ರ ಎರಡೂ ತುದಿಗಳನ್ನು ಎದೆಯ ಮೇಲೆ ಸುಮ್ಮನೆ ಇಳಿಬಿಟ್ಟು ತಿರುಗುತ್ತಿದ್ದರು. ಅವರ ಮನೆಗಳಲ್ಲಿ ಆಯಿಯಂಥವರು ಇರಲಿಲ್ಲವೋ, ಇದ್ದೂ ಅವರ ಮಾತು ನಡೆಯುತ್ತಿರಲಿಲ್ಲವೋ ತಿಳಿಯದು. ಈಗ ಅದೇ ಊರುಗಳಲ್ಲಿ ಬೆಳಗಿನ ಶಾಲಾ ಬಸ್ಸಿಗೆ ಕಾಯುವ ಹುಡುಗರು ಚೈನಿನ ಜಾಕೆಟ್ ಹಾಕಿಕೊಂಡು, ಕುತ್ತಿಗೆ ತೆರೆದುಕೊಂಡು ನಿಂತಿರುತ್ತಾರೆ. ಅವರನ್ನು ನೋಡುವಾಗ ಈಗಲೂ ನನ್ನ ಕೈ ನನ್ನ ಕುತ್ತಿಗೆಯ ಹಿಂಭಾಗಕ್ಕೆ ಹೋಗುತ್ತದೆ. ಅದಕ್ಕೆ ಚಳಿ ಕಾರಣವಲ್ಲ.

ನಮ್ಮ ಮಫ್ಲರುಗಳು ಬರುತ್ತಿದ್ದದ್ದು ಹುಬ್ಬಳ್ಳಿಯಿಂದ, ಖಾದರ ಕಾಕಾನ ಲಾರಿಯಲ್ಲಿ. ಖಾದರ ಕಾಕಾ ಶಿರಸಿಯವರು. ಅಪ್ಪನ ಅಂಗಡಿಗೆ ಸಾಮಾನು ತರುತ್ತಿದ್ದರು, ಬನವಾಸಿ ದಾಟಿ ಸೊರಬದ ಸಂತೆಗಳಿಗೂ ಹೋಗುತ್ತಿದ್ದರು. ನಾನು ಮೂರನೇ ಇಯತ್ತೆಯಲ್ಲಿದ್ದ ವರ್ಷ ಅವರು ಅಣ್ಣ ಬಸಣ್ಣನಿಗಾಗಿ ಒಂದು ಕೆಂಪು ಮಫ್ಲರ್ ತಂದರು. ಅಣ್ಣ ಆಗ ಏಳನೆಯದರಲ್ಲಿದ್ದ, ಅಪ್ಪನ ಭುಜದವರೆಗೆ ಬೆಳೆದಿದ್ದ. ಅವನ ಹಳೆಯ ಕಂದು ಬಣ್ಣದ್ದು ನನಗೆ ಬಂತು. ಆಯಿಯ ಇನ್ನೊಂದು ನಿಯಮವನ್ನೂ ಇಲ್ಲಿ ಹೇಳಬೇಕು. ಉಣ್ಣೆಯನ್ನು ನೀರಿಗೆ ಹಾಕಿದರೆ ಅದರ ಬಿಸಿ ಹೋಗುತ್ತದೆಂದು ಮಫ್ಲರನ್ನು ಚಳಿಗಾಲ ಮುಗಿಯುವ ತನಕ ತೊಳೆಯುತ್ತಿರಲಿಲ್ಲ. ಮಲಗುವಾಗಲೂ ಅದು ಕುತ್ತಿಗೆಯಲ್ಲೇ ಇರುತ್ತಿತ್ತು. ನಾನು, ಅಣ್ಣ ಒಂದೇ ಕೌದಿಯ ಕೆಳಗೆ ಮಲಗುತ್ತಿದ್ದೆವು.

ದನಗಳ ಕಾಲಡಿಗೆ ಹಾಸಲು ಒಣ ಎಲೆ ಬೇಕಿತ್ತು. ಶಾಲೆಗೆ ರಜೆ ಇದ್ದ ದಿನ ಅಣ್ಣ, ನಾನು ಬುಟ್ಟಿ ಹಿಡಿದು ಊರ ಹಿಂದಿನ ಅಡವಿಗೆ ಹೋಗಿ ಎಲೆ ಗುಡಿಸಿ ತರುತ್ತಿದ್ದೆವು. ಪುಷ್ಯಮಾಸದ ಅಂಥ ಒಂದು ಬೆಳಿಗ್ಗೆ ಮತ್ತಿ ಮರದ ಬುಡದಲ್ಲಿ ಒಂದು ಮಂಗ ಕಂಡಿತು. ಮರಕ್ಕೆ ಬೆನ್ನು ಆನಿಸಿ, ತಲೆ ಒಂದು ಬದಿಗೆ ವಾಲಿಸಿ ಕೂತಿತ್ತು. ಕಣ್ಣು ಅರ್ಧ ತೆರೆದಿತ್ತು. ಅಣ್ಣ ಒಂದು ಕಡ್ಡಿ ಎಸೆದ, ಅದು ಅಲುಗಲಿಲ್ಲ. ತುಸು ದೂರದಲ್ಲಿ ನಾಯಿಯೊಂದು ಬಾಲ ಇಳಿಸಿ ಕಾಯುತ್ತಿತ್ತು. ಮರದ ಮೇಲೆ ಬೇರೆ ಮಂಗಗಳಿರಲಿಲ್ಲ, ಹಕ್ಕಿಯ ಸದ್ದೂ ಇರಲಿಲ್ಲ. ಅಥವಾ ಇದ್ದರೂ ಮುಚ್ಚಿದ ಕಿವಿಗೆ ಕೇಳಲಿಲ್ಲ. ನನಗೆ ಓಡಬೇಕೆನಿಸಿತು.

“ಅಣ್ಣಾ, ಹೋಗೂಣು ನಡಿ.”

“ಹೆಂಗ ಹೋಗೂದಲೇ? ಹನುಮಪ್ಪ ಅಂವ. ನಾಯಿ ಎಳದಾಡ್ತದ.”

ನಮ್ಮ ಕಡೆ ಸತ್ತ ಮಂಗನನ್ನು ಹಾಗೆಯೇ ಬಿಡುವುದಿಲ್ಲ. ಕಂಡವರು ಮೈಗೆ ಬಟ್ಟೆ ಹೊದಿಸಬೇಕು, ಊರಿಗೆ ತರಬೇಕು, ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡಬೇಕು. ಬಿಟ್ಟು ಹೋದವನ ಮನೆಗೆ ಒಳ್ಳೆಯದಾಗುವುದಿಲ್ಲವೆಂಬುದು ಎಲ್ಲ ಮಕ್ಕಳಿಗೂ ಗೊತ್ತಿತ್ತು. ಅಣ್ಣನ ಹತ್ತಿರ ಅಂಗಿ, ಚಡ್ಡಿ ಬಿಟ್ಟರೆ ಇದ್ದ ಬಟ್ಟೆ ಒಂದೇ. ಹಿಂದಕ್ಕೆ ಕೈ ಹಾಕಿ ಗಂಟಿನೊಡನೆ ಗುದ್ದಾಡಿದ, ಬಿಚ್ಚಲಾಗದೆ ಮಫ್ಲರನ್ನು ತಲೆಯ ಮೇಲಿಂದ ಹಾಗೆಯೇ ಎಳೆದು ತೆಗೆದ. ಅವನ ಕಿವಿಗಳು ಕೆಂಪಗಾಗಿದ್ದವು. ಆಮೇಲೆ ಹಲ್ಲಿನಿಂದ ಗಂಟು ಸಡಿಲಿಸಿ, ಮಂಗನನ್ನು ಅದರಲ್ಲಿ ಸುತ್ತಿದ. ಬುಟ್ಟಿಯಲ್ಲಿದ್ದ ಎಲೆ ಸುರುವಿ, ಅದರಲ್ಲಿ ಮಂಗನನ್ನಿಟ್ಟು ತಲೆಯ ಮೇಲೆ ಹೊತ್ತುಕೊಂಡ. ನಾನು ನನ್ನ ಬುಟ್ಟಿಯೊಂದಿಗೆ ಹಿಂದೆ ನಡೆದೆ. ಕೆಂಪು ಬಟ್ಟೆಯಿಂದ ಹೊರಗಿದ್ದ ಬಾಲ ಅವನ ಕಿವಿಯ ಹತ್ತಿರ ಅತ್ತಿತ್ತ ಆಡುತ್ತಿತ್ತು. ಇಷ್ಟು ನಾನು ಕಣ್ಣಾರೆ ಕಂಡದ್ದು.

ಊರಲ್ಲಿ ಅಣ್ಣನಿಗೆ ದೊಡ್ಡ ಮರ್ಯಾದೆ ಸಿಕ್ಕಿತು. ಹಿರಿಯರು ಹನುಮಪ್ಪನ ಗುಡಿಯ ಹಿಂದೆ ತಗ್ಗು ತೋಡಿಸಿದರು. ಅಪ್ಪ ಥಾನಿನಿಂದ ಬಿಳಿ ಬಟ್ಟೆ ಹರಿದುಕೊಟ್ಟ. ಕುಂಕುಮ, ತೆಂಗಿನಕಾಯಿ, ಊದುಬತ್ತಿ ಬಂದವು. ಮಂಗನ ಮೈಯಿಂದ ಬಿಚ್ಚಿದ ಮಫ್ಲರನ್ನೂ ತಗ್ಗಿಗೆ ಹಾಕಲು ಯಾರೋ ಎತ್ತಿದಾಗ ಆಯಿ ತಡೆದಳು.

“ಏ, ಅದನ್ಯಾಕ ಹಾಕ್ತೀರಿ? ಹನುಮಪ್ಪನ ಮೈ ಮುಟ್ಟಿದ ಬಟ್ಟಿ ಅದು. ಅದಕ್ಕಿಂತ ದೊಡ್ಡ ರಕ್ಷಾ ಯಾವ ಮಠದಾಗ ಸಿಗತೈತಿ? ತರ್ರಿ ಇಲ್ಲೆ.”

ಆ ಮಾತು ಎಲ್ಲರಿಗೂ ಸರಿಯೆನಿಸಿತು, ನನಗೂ ಸರಿಯೆನಿಸಿತು. ಆಯಿ ಮಫ್ಲರನ್ನು ಕೊಡವಿ, ಒಂದು ಚಿಟಿಕೆ ವಿಭೂತಿ ಸವರಿ, ಅಲ್ಲೇ ಗುಡಿಯ ಕಟ್ಟೆಯ ಮೇಲೆ ಅಣ್ಣನನ್ನು ಕೂರಿಸಿ ಎಂದಿನಂತೆ ನೆತ್ತಿ, ಕಿವಿ, ಗದ್ದ ಮುಚ್ಚಿ ಹಿಂದೆ ಗಂಟು ಹಾಕಿದಳು. ಅವಳ ಮುಖದಲ್ಲಿ ಅಷ್ಟು ನಿಶ್ಚಿಂತೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೊದಲ ಬಾರಿಗೆ, ಗಾಳಿಗೆ ದಾಟಲಾಗದ ಗೋಡೆಯೊಂದು ಅವಳ ಕೈಗೆ ಸಿಕ್ಕಿತ್ತು. ಅವತ್ತು ಮಧ್ಯಾಹ್ನ ಅವ್ವ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಅಣ್ಣನಿಗೆ ಎಲ್ಲರಿಗಿಂತ ಮೊದಲು ಬಡಿಸಿದರು. ನನಗೆ ಹೊಟ್ಟೆಕಿಚ್ಚಾಯಿತು.

ಸಂತೆಯ ದಿನ ಖಾದರ ಕಾಕಾ ಸೊರಬದ ಕಡೆಯಿಂದ ಬಂದರು. ಅಂಗಡಿಯ ಮುಂದಿನ ಬಾಕಿನ ಮೇಲೆ ಕೂತು ಚಹಾ ಕುಡಿಯುವುದು ಅವರ ರೂಢಿ. ಅಣ್ಣ ಒಳಗೆ ಮೆಣಸಿನಕಾಯಿ ತೂಗುತ್ತಿದ್ದ, ನಾನು ಚೀಲದ ಬಾಯಿ ಹಿಡಿದಿದ್ದೆ. ಅವರು ಚಹಾದ ಬಟ್ಟಲು ಕೈಯಲ್ಲಿ ಹಿಡಿದೇ ಕೇಳಿದರು.

“ಸಾವಕಾರ್ರೆ, ನಿಮ್ಮ ಕಡೀಗೆ ಮಂಗ್ಯಾ ಸತ್ತಾವೇನ್ರಿ?”

“ಒಂದು ಸತ್ತಿತ್ತಪ್ಪ. ಮಣ್ಣು ಮಾಡಿದ್ವಿ. ಯಾಕ?”

“ಅಲ್ಲೆ ಗಿಡದಿಂದ ಹಣ್ಣು ಉದುರಿದಂಗ ಉದುರಾಕತ್ತಾವ್ರಿ. ಮುಟ್ಟಿದವರಿಗೆ ಜ್ವರ. ಮಂಗ್ಯಾನ ಮೈಮ್ಯಾಲಿನ ಉಣ್ಣಿ ಕಡದ್ರ ಬರತದಂತ. ಮೂಗು, ಬಾಯಿಂದ ರಗತ ಬೀಳತದಂತ. ಒಂದು ಮನ್ಯಾಗ ತಾಯಿ ಮಗ ಇಬ್ರೂ ಹೋದ್ರು, ಅಲ್ಲಾಕಸಂ, ನಾನ ನೋಡಿ ಬಂದೀನಿ. ನಿಮ್ಮಲ್ಲಿ ಯಾರು ಮುಟ್ಟಿದ್ರು?”

ಅಪ್ಪ ತಿರುಗಿ ಅಣ್ಣನನ್ನು ನೋಡಿದ. ಖಾದರ ಕಾಕಾ ಆ ನೋಟವನ್ನು ಹಿಂಬಾಲಿಸಿ ಅಣ್ಣನನ್ನು, ಅವನ ಕುತ್ತಿಗೆಯ ಕೆಂಪು ಮಫ್ಲರನ್ನು ನೋಡಿದರು. ಆಮೇಲೆ ಬಾಕಿನಿಂದ ಎದ್ದು ನಿಧಾನವಾಗಿ ಹಿಂದಕ್ಕೆ ಸರಿದು ರಸ್ತೆಯಲ್ಲಿ ನಿಂತರು. ನಮ್ಮನ್ನು ಎತ್ತಿ ಆಡಿಸಿದ ಮನುಷ್ಯ ಅವರು. ಸಾವಿನ ಸುದ್ದಿಗಿಂತ ಅವರು ಹಾಗೆ ಸರಿದದ್ದು ನನ್ನನ್ನು ಹೆಚ್ಚು ಹೆದರಿಸಿತು. ಅಣ್ಣನ ಕೈಯ ತಕ್ಕಡಿ ವಾಲಿ, ಮೆಣಸಿನಕಾಯಿ ನೆಲಕ್ಕೆ ಬಿದ್ದವು. ಯಾರೂ ಆರಿಸಲಿಲ್ಲ.

ಅವ್ವ ಅಣ್ಣನನ್ನು ಬಚ್ಚಲಿಗೆ ಎಳೆದೊಯ್ದಳು. ಗಂಟು ಬಿಚ್ಚುವ ತಾಳ್ಮೆ ಅವಳಿಗಿರಲಿಲ್ಲ, ಅಂಗಡಿಯ ಕತ್ತರಿಯಿಂದ ಮಫ್ಲರನ್ನೇ ಕತ್ತರಿಸಿದಳು. ಕಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ಎಳ್ಳುಕಾಳಿನಷ್ಟು ಸಣ್ಣ ಕಪ್ಪು ಚುಕ್ಕೆಗಳಿದ್ದವು. ಕೊಳೆಯೆಂದು ಉಜ್ಜಿದಳು, ಹೋಗಲಿಲ್ಲ. ಚಿಮಣಿ ಹತ್ತಿರ ಹಿಡಿದು ನೋಡಿದಾಗ ಅವುಗಳಿಗೆ ಕಾಲುಗಳಿದ್ದವು. ಅವ್ವ ಒಂದೊಂದನ್ನೇ ಉಗುರಿನಿಂದ ಕಿತ್ತು ಒಲೆಗೆ ಹಾಕಿದಳು. ನನ್ನನ್ನೂ ಬೆತ್ತಲೆ ನಿಲ್ಲಿಸಿ ಹುಡುಕಿದರು. ನನ್ನ ಮೈಮೇಲೆ ಏನೂ ಸಿಗಲಿಲ್ಲ. ಆದರೆ ಏನೂ ಸಿಗದಿದ್ದರೆ ಏನೂ ಇಲ್ಲವೆಂದು ನಂಬುವುದು ಹೇಗೆ? ಅಷ್ಟು ದಿನ ಒಂದೇ ಕೌದಿಯಲ್ಲಿ ಅವನ ಬೆನ್ನಿಗೆ ಮುಖ ಒತ್ತಿ ಮಲಗಿದ್ದೆ. ಅಪ್ಪ ಎರಡೂ ಮಫ್ಲರ್, ಕೌದಿ, ಬುಟ್ಟಿ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದ. ಸುಟ್ಟ ಉಣ್ಣೆಯ ವಾಸನೆ, ಕಿಟಕಿಗೆ ಗೋಣಿಚೀಲ ತುರುಕಿದ ಆ ಮನೆಯಿಂದ ಹೊರಹೋಗಲು ದಾರಿಯಿಲ್ಲದೆ ಅನ್ನದಲ್ಲಿ, ನೀರಿನಲ್ಲಿ, ದೇವರ ಜಗಲಿಯ ಮುಂದೆ ಸುತ್ತುತ್ತಲೇ ಇತ್ತು.

“ಹನುಮಪ್ಪನ ಬಟ್ಟಿ ಸುಟ್ಟಿರಿ. ಇನ್ನ ಕಾಯೋರು ಯಾರು?” ಎಂದಳು ಆಯಿ, ನಡುಮನೆಯ ಕಂಬಕ್ಕೆ ಒರಗಿ.

“ಅವಗ ಬಟ್ಟಿ ಹೊದಿಸಿ ಹೊತ್ತು ತಂದದ್ದು ನನ್ನ ಮಗ. ಋಣ ಇದ್ರ ಅಂವನ ಕಾಯಲಿ. ನೀವು ಬಾಯಿ ಮುಚ್ಚಿರ್ರಿ,” ಎಂದಳು ಅವ್ವ.

ಅತ್ತೆಗೆ ಅವ್ವ ಹಾಗೆ ಎದುರು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಆಯಿ ಬೈಯಬೇಕಿತ್ತು, ಬೈಯಲಿಲ್ಲ. ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು. ಚಳಿ ಅತ್ಯಂತ ಹೆಚ್ಚಿದ್ದ ದಿನಗಳಲ್ಲಿ ನಮ್ಮ ಕುತ್ತಿಗೆ ಬರಿದಾಯಿತು. ಮೊದಲ ಸಲ ಮನೆಯ ಸದ್ದುಗಳೆಲ್ಲ ಪೂರ್ತಿಯಾಗಿ ನನಗೆ ಕೇಳಿದವು. ಗೋಡೆಯಾಚೆ ಅಪ್ಪ ಅವ್ವನಿಗೆ ಪಿಸುಗುಟ್ಟುವುದು ಕೇಳಿತು. “ಎರಡನೇದವಗೂ ಬಂದ್ರ?” ಎಂದು ಅವನು ಕೇಳುತ್ತಿದ್ದ. ಎರಡನೆಯವನು ನಾನು.

ಜ್ವರ ಬಂದದ್ದು ಅಣ್ಣನಿಗೆ. ಬೆಳಿಗ್ಗೆ ಏಳಲು ಹೋದವನು ಸೊಂಟ ಹಿಡಿದುಕೊಂಡು ಕುಸಿದ. ಮೈ ಸುಡುತ್ತಿತ್ತು, ಕಣ್ಣು ಕುಂಕುಮ ಸವರಿದಂತೆ ಕೆಂಪಾಗಿದ್ದವು. ಬಾಯಿ ಮುಕ್ಕಳಿಸಿ ಉಗುಳಿದ ನೀರಿನಲ್ಲಿ ರಕ್ತದ ಎಳೆ ಇತ್ತು. ಅಪ್ಪ ಓಡಿಹೋಗಿ ಖಾದರ ಕಾಕಾನನ್ನು ಬನವಾಸಿಯ ಪೇಟೆಯಲ್ಲಿ ಹಿಡಿದ. ಅವರು ಬರುತ್ತಾರೋ ಇಲ್ಲವೋ ಎಂಬ ಅನುಮಾನ ಅಪ್ಪನಿಗೂ ಇತ್ತಂತೆ. ಇದು ಅಪ್ಪ ಮುಂದೆ ಹೇಳಿದ್ದು. ಲಾರಿ ಬಂತು. ಖಾದರ ಕಾಕಾ ಇಳಿದು, ಒಂದು ಕ್ಷಣ ಹೊಸ್ತಿಲ ಆಚೆ ನಿಂತು, ಆಮೇಲೆ ಒಳಗೆ ಬಂದು ಅಣ್ಣನನ್ನು ತಾವೇ ಎತ್ತಿಕೊಂಡರು. ಅವರ ತುಟಿ ಏನನ್ನೋ ಜಪಿಸುತ್ತಿತ್ತು.

“ಅವತ್ತ ಹೆದರಿದ್ನಪ್ಪ ನಾನು,” ಎಂದರು, ಯಾರಿಗೆಂದಿಲ್ಲದೆ. “ಇವತ್ತೂ ಹೆದರೀನಿ. ಹತ್ರಿ, ಲಗೂ ಹತ್ರಿ.”

ನನ್ನನ್ನೂ ಕರೆದೊಯ್ದರು, ನನ್ನನ್ನೂ ಪರೀಕ್ಷಿಸಬೇಕಿತ್ತಲ್ಲ. ಶಿರಸಿಯ ಆಸ್ಪತ್ರೆಯ ಡಾಕ್ಟರು ತೆಳ್ಳಗಿನ ಮನುಷ್ಯ, ಆಚೆ ಭೈರುಂಬೆ ಕಡೆಯ ಹವ್ಯಕರೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಅಪ್ಪ, ಅವ್ವ, ಖಾದರ ಕಾಕಾ ಮೂವರೂ ಒಟ್ಟಿಗೆ ಕತೆ ಹೇಳತೊಡಗಿದರು. ಒಬ್ಬರು ಮಂಗ ಆಗಷ್ಟೇ ಸತ್ತಿತ್ತೆಂದರೆ ಇನ್ನೊಬ್ಬರು ಹಿಂದಿನ ದಿನ ಎಂದರು. ಡಾಕ್ಟರು ಕೈ ಎತ್ತಿದರು.

“ಎಲ್ಲರೂ ಒಂದ್ಚೂರು ಸುಮ್ಮನಿರಿ. ಜೊತಿಗೆ ಇದ್ದವ ಈ ಸಣ್ಣವ ಅಲ್ದ? ಎಂತ ಆತು ಹೇಳಿ ಅವನೇ ಹೇಳ್ಲಿ. ತಮ್ಮಾ, ಮಂಗನ ಮೈ ಬಿಸಿ ಇತ್ತ, ತಣ್ಣಗಿತ್ತ?”

“ನಾ ಮುಟ್ಟಿಲ್ರಿ.”

“ಸತ್ತು ಎಷ್ಟು ಹೊತ್ತಾಗಿತ್ತು?”

“ಗೊತ್ತಿಲ್ರಿ.”

“ಆಗಷ್ಟ ಸತ್ತಿತ್ರಿ ಸಾಹೇಬ್ರ,” ಎಂದ ಅಪ್ಪ.

“ನೀವು ಕಂಡಿದ್ರ?” ಡಾಕ್ಟರು ಅವನ ಕಡೆ ನೋಡಲೂ ಇಲ್ಲ. “ಗೊತ್ತಿಲ್ಲೆ ಅಂದವನ ಮಾತು ನಂಗೆ ಉಪಯೋಗ ಆಗ್ತು. ಮುಂದೆ ಹೇಳು ತಮ್ಮಾ. ಕಂಡಿದ್ದಷ್ಟು.”

ಹೇಳಿದೆ. ಮತ್ತಿ ಮರ, ನಾಯಿ, ಬುಟ್ಟಿ, ಬಾಲ. ಗುಡಿಯ ಕಟ್ಟೆಯ ಮೇಲೆ ಮಫ್ಲರ್ ಮರಳಿ ಕಟ್ಟಿದ್ದನ್ನು ಹೇಳುವಾಗ ಅವ್ವ ಗೋಡೆಯ ಕಡೆ ತಿರುಗಿದಳು. ಡಾಕ್ಟರು ಬರೆದುಕೊಳ್ಳುತ್ತ, ಯಾರು ಕಟ್ಟಿದರೆಂದು ಕೇಳಲಿಲ್ಲ, ಎಷ್ಟು ದಿನ ಕುತ್ತಿಗೆಯಲ್ಲಿತ್ತೆಂದು ಮಾತ್ರ ಕೇಳಿದರು. ಮುಂದೆ ಎಷ್ಟೋ ವರ್ಷ ಸುದ್ದಿಮನೆಯ ಮೇಜಿನ ಮುಂದೆ ಕೂತು, ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿ ಬರೆಯಿರಿ ಎಂದು ಕಿರಿಯರಿಗೆ ಹೇಳುತ್ತ ಬಂದಿದ್ದೇನೆ. ಅದನ್ನು ನನಗೆ ಕಲಿಸಿದ್ದು ಯಾವ ಸಂಪಾದಕನೂ ಅಲ್ಲ. ಹೆದರಿಕೆಯಿಂದ ಹಲ್ಲು ಕಟಕಟಿಸುತ್ತ ನಿಂತಿದ್ದ ಆ ಹೊತ್ತಿನಲ್ಲಿ, ಕಂಡದ್ದನ್ನು ಕಂಡಷ್ಟೇ ಹೇಳುತ್ತಿರುವವರೆಗೆ ನಡುಕ ನಿಲ್ಲುತ್ತದೆ ಎಂಬುದು ನನಗೆ ತಿಳಿಯಿತು. ಹೇಳಿ ಮುಗಿದ ಕೂಡಲೇ ಅದು ಮತ್ತೆ ಶುರುವಾಯಿತು.

“ಇದಕ್ಕೆ ಹೇಳಿ ಮದ್ದೇ ಇಲ್ಲೆ,” ಎಂದರು ಡಾಕ್ಟರು. “ನೀರು, ಗಂಜಿ, ವಿಶ್ರಾಂತಿ. ರಕ್ತ ಹೋಗ್ದೇ ಇದ್ದಂಗೆ ನೋಡ್ಕಳವು. ಜ್ವರ ಬಿಟ್ರೂ ನಂಬಡಿ. ಬಿಟ್ಟ ಮೇಲೆ ಕೆಲವರಿಗೆ ಮತ್ತೆ ಬತ್ತು. ಹಂಗೆ ಬಂದ್ರೆ ತಲೆಗೆ ಏರ್ತು, ಸೆಳವು ಬತ್ತು. ಮುಂದಿನ ಅಮಾಸೆ ದಾಟ್ಲಿ. ಆಮೇಲೆ ನೋಡ್ವ.”

ಜ್ವರ ಬಿಟ್ಟಿತು. ಅಣ್ಣನನ್ನು ಮನೆಗೆ ತಂದರು. ನಿಜವಾದ ಹೆದರಿಕೆ ಶುರುವಾದದ್ದು ಆಗ. ಆಸ್ಪತ್ರೆಯಲ್ಲಿ ರೋಗ ಕಣ್ಣೆದುರಿಗಿತ್ತು. ಮನೆಯಲ್ಲಿ ಅದು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಅಣ್ಣ ಕೆಮ್ಮಿದರೆ ಅಂಗಡಿಯಲ್ಲಿ ಅಪ್ಪನ ತಕ್ಕಡಿ ನಿಲ್ಲುತ್ತಿತ್ತು. ಅವನು ಚಮಚ ಕೈತಪ್ಪಿ ಬೀಳಿಸಿದರೆ ಅವ್ವ ಓಡಿಬಂದು ಅವನ ಬೆರಳು ಹಿಡಿದು ನೋಡುತ್ತಿದ್ದಳು. ನಾನು ದಿನವೂ ದನಗಳ ಬದಿಗೆ ಹೋಗಿ, ಯಾರಿಗೂ ಕಾಣದಂತೆ ಅಂಗಿ ಎತ್ತಿ ಹೊಟ್ಟೆ, ಕಂಕುಳು ಹುಡುಕುತ್ತಿದ್ದೆ. ಮಚ್ಚೆಯೊಂದನ್ನು ಉಣ್ಣಿಯೆಂದು ಕಿತ್ತು ರಕ್ತ ಬರಿಸಿಕೊಂಡು, ಆ ರಕ್ತವನ್ನು ನೋಡಿ ಮತ್ತಷ್ಟು ಹೆದರಿದೆ. ಆಯಿ ಬಚ್ಚಲ ಒಲೆಯ ಮುಂದೆ ಬರುವುದನ್ನೇ ಬಿಟ್ಟಳು. ನಮ್ಮನ್ನು ಮುಟ್ಟುತ್ತಿರಲಿಲ್ಲ, ಕಿಟಕಿಯ ಗೋಣಿಚೀಲ ಜಾರಿ ಬಿದ್ದರೂ ತುರುಕಿಸುತ್ತಿರಲಿಲ್ಲ. ಮಾತೂ ನಿಂತಿತ್ತು.

ಅದಕ್ಕಿಂತ ಕೆಟ್ಟದ್ದು ಮನೆಯವರ ಪ್ರೀತಿ. ಅಣ್ಣ ಗಂಜಿ ಬೇಡವೆಂದರೆ ಯಾರೂ ಗದರುತ್ತಿರಲಿಲ್ಲ. ಅವನು ಹಾಲಿನ ಲೋಟ ಒದ್ದು ಚೆಲ್ಲಿದರೆ ಅವ್ವ “ಹೋಗಲಿ ಬಿಡಪ್ಪ ರಾಜಾ” ಎಂದು ಒರೆಸಿದಳು. ಅಪ್ಪ ಅವನ ಜೊತೆ ಮೆಲ್ಲಗೆ, ಬೇರೆಯವರ ಮನೆಯ ಮಗುವಿನೊಡನೆ ಮಾತಾಡುವಂತೆ ಮಾತಾಡಿದ. ಹಿತ್ತಲಾಚೆಯ ಮನೆಯ ನೀಲವ್ವ ಬಂದು ಬಾಗಿಲಲ್ಲೇ ನಿಂತು, ಲೊಚಗುಟ್ಟಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅಣ್ಣ ನನ್ನನ್ನು ಹತ್ತಿರ ಕರೆದ.

“ಮಲ್ಲೇಶಿ, ಖರೆ ಹೇಳು. ನಾ ಸಾಯ್ತೀನೇನಲೇ?”

“ಯಾರಂದ್ರು?”

“ಯಾರೂ ಅಂದಿಲ್ಲ. ಯಾರೂ ನನಗ ಬೈಯಾಕತ್ತಿಲ್ಲ ನೋಡು. ನೀನೂ ನಿನ್ನೆ ಗೋಲಿ ಆಟದಾಗ ಬೇಕಂತ ಸೋತಿ.”

ಕಂಡಷ್ಟೇ ಹೇಳಬೇಕೆಂದು ನಾನು ಕಲಿತಿದ್ದೆನಲ್ಲ. ಗೊತ್ತಿಲ್ಲ ಎಂದೆ. ಅವನು ಗೋಡೆಯ ಕಡೆ ಹೊರಳಿದ. ಅವನ ಕುತ್ತಿಗೆ ತೆಳ್ಳಗಾಗಿತ್ತು, ಬೆನ್ನುಮೂಳೆಯ ಮೇಲಿನ ಗಂಟೊಂದು ಎದ್ದು ಕಾಣುತ್ತಿತ್ತು.

ಅಮಾವಾಸ್ಯೆ ದಾಟಿತು. ಆದರೆ ದಾಟಿತು ಎಂದು ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಹೇಳಿದರೆ ಅದು ಕೇಳಿಸಿಕೊಂಡು ಮರಳಿ ಬರುತ್ತದೆ ಎಂಬಂತೆ ಎಲ್ಲರೂ ತುಟಿ ಬಿಗಿದು ಓಡಾಡುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಅವ್ವ ಹಿತ್ತಲಿನಿಂದ ನೀರಿನ ಕೊಡ ತರುತ್ತಿದ್ದಳು. ನಾನು ಮತ್ತು ಗಿರಿಜಾ ನಡುಮನೆಯಲ್ಲಿದ್ದೆವು. ಹಾಸಿಗೆಯಲ್ಲಿ ಕೂತಿದ್ದ ಅಣ್ಣ ಇದ್ದಕ್ಕಿದ್ದಂತೆ ಪಕ್ಕಕ್ಕೆ ಉರುಳಿದ. ಕೈಕಾಲು ಸೆಟೆದು ನೆಲಕ್ಕೆ ಬಡಿಯತೊಡಗಿದವು. ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಗಿರಿಜಾ ಚೀರಿದಳು. ತಲೆಗೆ ಏರುತ್ತದೆ, ಸೆಳವು ಬರುತ್ತದೆ ಎಂದಿದ್ದರಲ್ಲ ಡಾಕ್ಟರು. ಅವ್ವನ ಕೊಡ ಹೊಸ್ತಿಲ ಮೇಲೆ ಬಿದ್ದು, ನೀರು ದನಗಳ ತಗ್ಗಿಗೆ ಹರಿಯಿತು. ಅಂಗಡಿಯಿಂದ ಅಪ್ಪ ಬರಿಗಾಲಲ್ಲಿ ಓಡಿಬಂದ. ಅವ್ವ ಅಣ್ಣನ ತಲೆಯನ್ನು ತೊಡೆಯ ಮೇಲೆತ್ತಿಕೊಂಡು “ಬಸ್ಯಾ, ಬಸ್ಯಾ” ಎಂದು ಅವನ ಕೆನ್ನೆ ತಟ್ಟಿದಳು.

ಅಣ್ಣ ಒಂದು ಕಣ್ಣು ತೆರೆದ. ಎಲ್ಲರ ಮುಖಗಳನ್ನು ನೋಡಿದ. ಆಮೇಲೆ ಕಿಸಕ್ಕನೆ ನಕ್ಕ.

“ಹೆಂಗ ಹೆದರಿದ್ರಿ!”

ಅವ್ವ ಅವನನ್ನು ತೊಡೆಯಿಂದ ಕೆಳಗಿಳಿಸಿ ಎದ್ದು ನಿಂತಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಲಗೈ ಮೇಲೆದ್ದಿತು, ಅಲ್ಲೇ ನಿಂತಿತು. ಹೊಡೆದರೆ ಏನಾದರೂ ಆದೀತೆಂಬ ಭಯ ಆ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡಿತ್ತು. ಅಣ್ಣನ ನಗು ಮೆಲ್ಲಗೆ ಆರಿತು. ಈ ಸಲವೂ ಬೈಯುವುದಿಲ್ಲ, ಹೊಡೆಯುವುದಿಲ್ಲ ಎಂದು ಅವನಿಗೆ ಅನಿಸಿರಬೇಕು, ಅವನ ತುಟಿ ನಡುಗಿತು. ಆಗ ಕಂಬದ ಬುಡದಿಂದ, ಎಷ್ಟೋ ದಿನಗಳಿಂದ ಮಾತು ಬಿಟ್ಟಿದ್ದ ಆಯಿಯ ದನಿ ಬಂತು.

“ಯಾಕ ನಿಂತಿ? ಹೊಡಿ ಅವಗ.”

ಅವ್ವ ತಿರುಗಿ ನೋಡಿದಳು.

“ಹೊಡಿ ಅಂದ್ನೆಲ್ಲ. ಮಂಗ್ಯಾನಂಥವ. ಎಲ್ಲಾರ ಜೀವಾ ತಗದ. ಹೊಡಿ, ನಾ ಹೇಳತೀನಿ.”

ಪೆಟ್ಟು ಬಿತ್ತು. ದೊಡ್ಡದೇನಲ್ಲ, ಬೆನ್ನ ಮೇಲೆ, ಬಿಚ್ಚಿದ ಅಂಗೈಯಿಂದ. ಆದರೆ ಅದರ ಸದ್ದು ಇಡೀ ಮನೆಗೆ ಕೇಳಿತು. ಇನ್ನೊಂದು ಬಿತ್ತು. ಅಣ್ಣ ಬಾಯಿ ತೆರೆದು, ಜ್ವರದಲ್ಲೂ ಅಳದಷ್ಟು ಜೋರಾಗಿ ಅಳತೊಡಗಿದ. ಅವ್ವ ಹೊಡೆಯುತ್ತಲೇ ಬೈದಳು. ಚೆಲ್ಲಿದ ಹಾಲಿಗೆ, ಬೇಡವೆಂದ ಗಂಜಿಗೆ, ಅಷ್ಟೂ ದಿನಗಳ ಬಾಕಿಗೆ ಸೇರಿಸಿ ಬೈದು, ಕೊನೆಗೆ ನೀರು ಹರಿದ ನೆಲದ ಮೇಲೆ ಕೂತು ತಾನೂ ಅತ್ತಳು. ಅಪ್ಪ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದ. ಗದ್ದಲ ಕೇಳಿ ನೀಲವ್ವ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲು ಹೆದರಿ ಹೊರಗಿನಿಂದಲೇ ಕೂಗಿದಳು.

“ಏನಾತ್ರೆವಾ? ಹುಡುಗಗ ಏನಾತ್ರಿ?”

ಆಯಿ ಕಂಬ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲವರೆಗೂ ಹೋಗಿ ಹೇಳಿದಳು.

“ಏನಿಲ್ಲ ಬಾರಽ ನೀಲವ್ವ. ಹುಡುಗಗ ಆರಾಮ ಆಗೇತಿ.”